ಆಯ್ತ್ರೀ

ಗಂಜಿನಲ್ಲಿ ಕೊನೆಯ ಲಾರಿ ಹಗ್ಗ ಬಿಗಿದುಕೊಂಡು ಹೋದ ಮೇಲೆ
ಅಡತಿ ಅಂಗಡಿಯ ಶಟರು ಅರ್ಧ ಎಳೆದು
ಹತ್ತಿಯ ಎಳೆ ಅಂಟಿದ ಕೀಬೋರ್ಡು ಊದಿ
ಕೂತಿದ್ದೇನೆ.
ರಾಯಚೂರಿನ ಮಾರ್ಚಿ. ಗೋಡೆ ಇನ್ನೂ ಬಿಸಿ,
ಫ್ಯಾನು ಬರೀ ಸದ್ದು ಮಾಡುತ್ತದೆ.

ತೂಕದ ಚೀಟಿ ಬರೆಯುವ ಈ ತಂತ್ರಾಂಶ ನನ್ನದಲ್ಲ,
ಯಾರದೂ ಅಲ್ಲ, ಹಾಗಾಗಿ ನನ್ನದೂ ಹೌದು.
ಬಿಚ್ಚಿ ನೋಡಬಹುದು, ತಿದ್ದಬಹುದು,
ಯಾರಪ್ಪನ ಅಪ್ಪಣೆಯೂ ಬೇಡ.
ಅದರ ಜೊತೆಗೇ ಬರುತ್ತದೆ ಒಂದು ಪರೀಕ್ಷೆಯ ಕಡತ:
ನಲವತ್ತಮೂರು ಪ್ರಶ್ನೆ, ನಲವತ್ತಮೂರು ಹಸಿರು ಗೆರೆ.
ಮೂರು ಸುಗ್ಗಿ ನಾನು ಆ ಹಸಿರನ್ನು ನೋಡಿ
ಬಾಗಿಲು ಹಾಕಿ ಮನೆಗೆ ಹೋಗಿದ್ದೇನೆ.

ಇವತ್ತು ಫೋಲ್ಡರಿನ ಹೆಸರು ಬದಲಿಸಿದೆ.
'ಹತ್ತಿ ಪಟ್ಟಿ' ಎಂದಿಟ್ಟೆ. ನಡುವೆ ಒಂದು ಖಾಲಿ ಜಾಗ,
ಎರಡು ಪದಗಳ ನಡುವೆ ಇರಲೇಬೇಕಾದ ಉಸಿರು.
ಓಡಿಸಿದೆ. ತೆರೆಯ ಮೇಲೆ ಬಂತು:
ಹತ್ತಿ ಎಂಬುದು ಇಲ್ಲ.
ಪಟ್ಟಿ ಎಂಬುದು ಇಲ್ಲ.
ಅದರ ಕೆಳಗೇ:
ಎಲ್ಲವೂ ಸರಿ.

ನಗು ಬಂತು. ಆಮೇಲೆ ಬರಲಿಲ್ಲ.

ನಮ್ಮಲ್ಲಿ ಖಾಜಾಸಾಬರು ಇದ್ದರು, ಹಮಾಲರ ಮೇಸ್ತ್ರಿ.
ಹೊಸ ಹುಡುಗನನ್ನು ಸ್ಟೇಶನ್ ರೋಡಿಗೆ ಕಳಿಸಿದರೆ
ಅವನು ಬಂದು 'ಆಯ್ತ್ರೀ' ಅಂದ ಕೂಡಲೇ ಬಿಡುತ್ತಿರಲಿಲ್ಲ.
'ಏನಾಯ್ತು? ಯಾರ ಕೈಯಾಗ ಕೊಟ್ಟಿ?
ಅವ್ರೇನಂದ್ರು? ಸಹಿ ಎಲ್ಲೈತಿ?'
ಹುಡುಗ ತಲೆ ಕೆರೆಯುತ್ತಿದ್ದ:
'ದಾರ್ಯಾಗ ಸಿಕ್ಕ ಮುದಕಪ್ಪಗ ಹೇಳೀನ್ರೀ,
ಅವ ಮುಟ್ಟಿಸ್ತೀನಿ ಅಂದ.'

ಈ ಕಡತವೂ ಹಾಗೇ.
ಹೊರಗಿನ ಕೆಲಸಗಾರನನ್ನು ತಾನೇ ಕರೆಯುವುದಿಲ್ಲ,
ಇಡೀ ಮಾತನ್ನು ಒಂದೇ ದಾರಕ್ಕೆ ಪೋಣಿಸಿ
ಶೆಲ್ ಎಂಬ ದಲ್ಲಾಳಿಯ ಕಿವಿಗೆ ಹಾಕುತ್ತದೆ.
ಅವನು ಟವೆಲಿನ ಕೆಳಗೆ ಬೆರಳು ಮುಟ್ಟಿ
ಖಾಲಿ ಕಂಡಲ್ಲೆಲ್ಲ ಕತ್ತರಿಸಿ,
ಡಾಲರ್ ಗುರುತು ಕಂಡರೆ ತನ್ನದೇ ಅರ್ಥ ಹಚ್ಚಿ,
ಕೊಳವೆಯಲ್ಲಿ ಇನ್ನೊಬ್ಬನಿಗೆ ದಾಟಿಸುತ್ತಾನೆ.
ಆ ಇನ್ನೊಬ್ಬನ ಕೆಲಸ ಬಂದದ್ದನ್ನು ಬರೆದಿಡುವುದು, ಅಷ್ಟೇ.
ಬರೆದಿಟ್ಟ. ಸೊನ್ನೆ ತಂದುಕೊಟ್ಟ.
ಗಂಜಿನಲ್ಲಿ ಸೊನ್ನೆ ಅಂದರೆ ದಿವಾಳಿ.
ಇಲ್ಲಿ ಸೊನ್ನೆ ಅಂದರೆ ಕ್ಷೇಮ.

ಆ ಸಾಲಿನ ಪಕ್ಕ ಯಾರೋ ಬರೆದಿದ್ದಾರೆ, ಒಂಬತ್ತು ವರ್ಷದ ಹಿಂದೆ,
ಯಾವೂರಿನವರೋ: ಸದ್ಯಕ್ಕೆ ಹೀಗಿರಲಿ.
ಬೈಯಲಾರೆ. ನನ್ನ ಅಡುಗೆಮನೆಯ ನಲ್ಲಿಗೂ
ಸದ್ಯಕ್ಕೆಂದು ಸುತ್ತಿದ ಬಟ್ಟೆಯಿದೆ.

ತಿದ್ದಿದೆ. ದೊಡ್ಡದೇನಲ್ಲ, ಹನ್ನೊಂದು ಸಾಲು.
ದಲ್ಲಾಳಿಯನ್ನು ನಡುವಿನಿಂದ ಎಬ್ಬಿಸಿದೆ.
ಆಜ್ಞೆಯ ಹೆಸರು, ಅದರ ಆಯ್ಕೆ, ಕಡತದ ದಾರಿ,
ಬೇರೆ ಬೇರೆ ಚೀಲದಲ್ಲಿ, ಬಾಯಿ ಹೊಲಿದು, ನೇರ ಕೈಗೆ.
ಈಗ 'ಹತ್ತಿ ಪಟ್ಟಿ' ಒಂದೇ ಚೀಲ, ಉಸಿರು ಸಮೇತ.
ಮರಳಿ ಬಂದವನನ್ನು ಬಾಗಿಲಲ್ಲೇ ಕೇಳುತ್ತೇನೆ:
ಎಷ್ಟು ತಂದಿ? ಸೊನ್ನೆಯಲ್ಲದಿದ್ದರೆ ಅಲ್ಲೇ ನಿಲ್ಲು.

ಓಡಿಸಿದೆ.
ಮೂವತ್ತಾರು ಹಸಿರು. ಏಳು ಕೆಂಪು.

ಮೂವತ್ತೊಂದನೆಯ ಪ್ರಶ್ನೆ ಕೇಳುವುದು ಇಷ್ಟೇ:
ಕಿಲೋದ ಮೇಲೆ ಚಿಲ್ಲರೆ ಉಳಿದರೆ ಚೀಟಿ ಏನು ಬರೆಯುತ್ತದೆ?
ಏನೂ ಬರೆಯುವುದಿಲ್ಲ. ಬಿಟ್ಟುಬಿಡುತ್ತದೆ.
ಒಂಬತ್ತು ವರ್ಷ ಇದನ್ನು ಯಾರೂ ಕೇಳಿಯೇ ಇರಲಿಲ್ಲ,
ಕೇಳಿದ್ದೇವೆ ಅಂದುಕೊಂಡಿದ್ದೆವು.

ಸಾವ್ಕಾರರಿಗೆ ಫೋನು ಮಾಡಿದೆ.
'ಪಾವು ಕಿಲೋಕ್ಕ ಇಷ್ಟೊತ್ತಿನ್ಯಾಗ
ಎಬ್ಬಿಸ್ತಾರೇನವ್ವಾ ಸಿದ್ಲಿಂಗಮ್ಮ' ಅಂದರು.
ಪಾವು, ಒಂದೊಂದು ಚೀಲಕ್ಕೆ.
ಚೀಲ ಎಷ್ಟೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಂಪನ್ನು ಮುಚ್ಚದೆ ತಿದ್ದಿದ್ದನ್ನು ಹಾಗೆಯೇ ಕಳಿಸಿದೆ,
ಒಂದು ಟಿಪ್ಪಣಿ ಸೇರಿಸಿ: ಈ ಏಳು ನಾನು ಕೆಡಿಸಿದ್ದಲ್ಲ.
ಮೊದಲೇ ಕೆಟ್ಟಿದ್ದವು, ಈಗ ಬಾಯಿ ಬಂದಿದೆ.

ಆಮೇಲೆ ಹಳೆಯ ಚೀಟಿಗಳ ಡ್ರಾ ಎಳೆದೆ.
ಮೇಲಿನದು: ಯಂಕೋಬ, ಮಲ್ಲಟ, ಹದಿನೆಂಟು ಚೀಲ.
ಅಂಚಿನಲ್ಲಿ ನನ್ನದೇ ಕೈಬರಹ:
ತೂಕ ಸರಿ ಇದೆ.